ಕಲ್ಲು ಹೊತ್ತ ಬಿಷಪ್: ಲಿಂಕನ್‌ನ ಸಂತ ಹ್ಯೂ

ಇಂಗ್ಲೆಂಡಿನ ಧರ್ಮಸಭೆ ನವೆಂಬರ್ 17ರಂದು ಲಿಂಕನ್‌ನ ಬಿಷಪ್ ಸಂತ ಹ್ಯೂ ಅವರ ಹಬ್ಬವನ್ನು ಆಚರಿಸುತ್ತದೆ. ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲಿ ಈ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲ. ಸಂತ ಅಂತೋನಿ, ಸಂತ ಲಾರೆನ್ಸ್, ಸಂತ ಸೆಬಾಸ್ಟಿಯನ್ ನಮಗೆ ಮನೆಯವರಂತೆ, ಹ್ಯೂ ಹಾಗಲ್ಲ. ಆದರೆ ಮಧ್ಯಯುಗದ ಇಂಗ್ಲೆಂಡಿನಲ್ಲಿ ಸಂತ ಥಾಮಸ್ ಬೆಕೆಟ್ ಅವರ ಜೊತೆಗೆ ಜನರು ಅತ್ಯಂತ ಭಕ್ತಿಯಿಂದ ನೆನೆಯುತ್ತಿದ್ದ ಸಂತರಲ್ಲಿ ಇವರೂ ಒಬ್ಬರು. ಇಗರ್ಜಿ ಕಟ್ಟಡದ ಕೆಲಸದಲ್ಲಿ ತೊಡಗಿರುವ ನಮ್ಮ ಗುರುಗಳಿಗೂ ಪಾಲನಾ ಮಂಡಳಿಯ ಸದಸ್ಯರಿಗೂ ಇವರ ಪರಿಚಯ ಉಪಯುಕ್ತವಾದೀತೆಂದು ಈ ಲೇಖನವನ್ನು ಪ್ರಕಟಿಸುತ್ತಿದ್ದೇವೆ.

ಲಿಂಕನ್ ನಗರ ಇಂಗ್ಲೆಂಡಿನ ಪೂರ್ವ ಭಾಗದಲ್ಲಿದೆ. ಸುತ್ತಲೂ ಬಯಲು, ನಡುವೆ ಒಂದು ಗುಡ್ಡ, ಗುಡ್ಡದ ನೆತ್ತಿಯಲ್ಲಿ ಮೂರು ಗೋಪುರಗಳ ಪ್ರಧಾನಾಲಯ. ಬಹು ದೂರದಿಂದಲೇ ಅದು ಕಾಣುತ್ತದೆ. ನಾರ್ಮನ್ ಬಿಷಪ್ ರೆಮಿಜಿಯಸ್ ಅವರು ಕಟ್ಟಿಸಿದ ಮೊದಲ ಪ್ರಧಾನಾಲಯ 1092ರಲ್ಲಿ ಸಿದ್ಧವಾಯಿತು. 1185ರ ಏಪ್ರಿಲ್ 15ರಂದು ದೊಡ್ಡ ಭೂಕಂಪವಾಯಿತು. ಇಂಗ್ಲೆಂಡಿನಲ್ಲಿ ಭೂಕಂಪ ಅಪರೂಪ, ಆದರೂ ಅಂದಿನ ಕಂಪನಕ್ಕೆ ಆ ಕಟ್ಟಡ ಭಾರಿ ಹಾನಿಗೊಳಗಾಯಿತು. ಪಶ್ಚಿಮದ ಮುಂಭಾಗ ಮಾತ್ರ ಬಹುಮಟ್ಟಿಗೆ ಉಳಿದುಕೊಂಡಿತು. ಆಗ ಲಿಂಕನ್‌ಗೆ ಬಿಷಪ್ ಇರಲಿಲ್ಲ. ಇಪ್ಪತ್ತು ವರ್ಷಗಳ ಅವಧಿಯಲ್ಲಿ ಆ ಪೀಠ ಬಹುಕಾಲ ಖಾಲಿಯೇ ಇತ್ತು. ಪೀಠ ಖಾಲಿ ಇದ್ದಷ್ಟು ದಿನ ಅದರ ಆದಾಯ ರಾಜನ ಬೊಕ್ಕಸಕ್ಕೆ ಹೋಗುತ್ತಿತ್ತು, ರಾಜನಿಗೆ ಅವಸರವಿರಲಿಲ್ಲ. ಹಂಬರ್ ನದಿಯಿಂದ ಥೇಮ್ಸ್ ನದಿಯವರೆಗೆ ಹರಡಿದ್ದ, ಇಂಗ್ಲೆಂಡಿನಲ್ಲೇ ಅತಿ ವಿಸ್ತಾರವಾದ ಧರ್ಮಪ್ರಾಂತ್ಯದ ಸ್ಥಿತಿ ಇದಾಗಿತ್ತು.

ಆ ಸ್ಥಾನಕ್ಕೆ ಬಂದವರು ಇಂಗ್ಲಿಷರಲ್ಲ. ಹ್ಯೂ ಹುಟ್ಟಿದ್ದು ಸುಮಾರು 1140ರಲ್ಲಿ, ಇಂದಿನ ಫ್ರಾನ್ಸ್ ದೇಶದ ಗ್ರೆನೋಬಲ್ ನಗರಕ್ಕೆ ಸಮೀಪದ ಅವಲೋನ್ ಎಂಬ ಕೋಟೆಮನೆಯಲ್ಲಿ. ತಂದೆ ವಿಲಿಯಂ ಯೋಧ, ಊರಿನ ಒಡೆಯ. ಹ್ಯೂ ಎಂಟು ವರ್ಷದವರಿದ್ದಾಗ ತಾಯಿ ತೀರಿಕೊಂಡರು. ತಂದೆ ಆಸ್ತಿಯನ್ನು ಮಕ್ಕಳಿಗೆ ಹಂಚಿ, ಕಿರಿಯ ಮಗನ ಕೈಹಿಡಿದುಕೊಂಡು ವಿಲ್ಲಾರ್‌ಬೆನ್ವಾ ಎಂಬಲ್ಲಿನ ಆಗಸ್ಟೀನಿಯನ್ ಮಠಕ್ಕೆ ಸೇರಿದರು. ಅಲ್ಲೇ ಹುಡುಗ ಓದಿದ, ಪ್ರಾರ್ಥನೆ ಕಲಿತ, 19ನೇ ವಯಸ್ಸಿನಲ್ಲಿ ಡೀಕನ್ ದೀಕ್ಷೆ ಪಡೆದ. ವೃದ್ಧರಾದ ತಂದೆಗೆ ಉಣಿಸಿ, ಕೈಹಿಡಿದು ನಡೆಸಿ, ಹಾಸಿಗೆ ಹಾಸಿಕೊಟ್ಟ ಕೆಲಸವನ್ನು ಹ್ಯೂ ಅವರು ಮುಂದೆ ಬಿಷಪ್ ಆದ ಮೇಲೂ ಸಂತೋಷದಿಂದ ನೆನೆಯುತ್ತಿದ್ದರಂತೆ.

ಒಮ್ಮೆ ತಮ್ಮ ಹಿರಿಯರೊಂದಿಗೆ ಬೆಟ್ಟಗಳ ನಡುವಿನ ಗ್ರಾಂದ್ ಶಾರ್ತ್ರೂಸ್ ಮಠಕ್ಕೆ ಹೋದರು. ಸಂತ ಬ್ರೂನೋ 1084ರಲ್ಲಿ ಸ್ಥಾಪಿಸಿದ ಕಾರ್ಥೂಸಿಯನ್ ಸಭೆಯ ಮೂಲ ಮಠ ಅದು. ಪ್ರತಿಯೊಬ್ಬ ಸನ್ಯಾಸಿಗೂ ಪ್ರತ್ಯೇಕ ಕುಟೀರ, ಮಾಂಸಾಹಾರ ವರ್ಜ್ಯ, ಮೈಗೆ ಒರಟು ಬಟ್ಟೆ, ದಿನದ ಬಹುಭಾಗ ಮೌನ. ಹ್ಯೂ ಅವರ ಮನಸ್ಸು ಅಲ್ಲೇ ನಿಂತುಬಿಟ್ಟಿತು. ಹಿರಿಯರು ಬೇಡವೆಂದು ಪ್ರಮಾಣ ಮಾಡಿಸಿಕೊಂಡರೂ ಕೊನೆಗೆ ಅಲ್ಲಿಗೇ ಹೋಗಿ ಸೇರಿದರು. ಅಲ್ಲಿ ಯಾಜಕ ದೀಕ್ಷೆಯಾಯಿತು. ಕೆಲ ವರ್ಷಗಳ ಬಳಿಕ ಮಠದ ಲೆಕ್ಕಪತ್ರ, ಅತಿಥಿಗಳು, ಬಡವರ ದಾನ ಇವೆಲ್ಲದರ ಉಸ್ತುವಾರಿ ಅವರ ಹೆಗಲಿಗೆ ಬಿತ್ತು. ಹಣಕಾಸು ಬಲ್ಲ ಸನ್ಯಾಸಿ ಎಂದು ಹೆಸರು ಬಂದದ್ದು ಆಗಲೇ. ಆ ಹೆಸರೇ ಅವರನ್ನು ಮೌನದಿಂದ ಹೊರಗೆಳೆಯಿತು.

1170ರ ಡಿಸೆಂಬರ್ 29ರಂದು ಕ್ಯಾಂಟರ್ಬರಿಯ ಪ್ರಧಾನಾಲಯದೊಳಗೆ ಆರ್ಚ್‌ಬಿಷಪ್ ಥಾಮಸ್ ಬೆಕೆಟ್ ಅವರ ಹತ್ಯೆ ನಡೆದಿತ್ತು. ಕೊಂದವರು ರಾಜ ಎರಡನೇ ಹೆನ್ರಿಯ ಕಡೆಯವರು. ಪ್ರಾಯಶ್ಚಿತ್ತವಾಗಿ ರಾಜನು ಕಟ್ಟಿಸಲು ಒಪ್ಪಿದ ಮಠಗಳಲ್ಲಿ ಸೋಮರ್‌ಸೆಟ್ ಪ್ರಾಂತ್ಯದ ವಿಥಮ್ ಒಂದು. ಇಂಗ್ಲೆಂಡಿನ ಮೊದಲ ಕಾರ್ಥೂಸಿಯನ್ ಮಠ. ಆದರೆ ಕೆಲಸ ಮುಂದುವರಿಯಲಿಲ್ಲ. ಮೊದಲ ಮಠಾಧಿಪತಿ ಸೋತು ಹಿಂದಿರುಗಿದರು, ಎರಡನೆಯವರು ಅಲ್ಲೇ ತೀರಿಕೊಂಡರು. ಸುಮಾರು 1180ರಲ್ಲಿ ರಾಜನ ಬೇಡಿಕೆಯಂತೆ ಹ್ಯೂ ಅವರನ್ನು ಅಲ್ಲಿಗೆ ಕಳುಹಿಸಲಾಯಿತು.

ವಿಥಮ್‌ನಲ್ಲಿ ಅವರು ಮಾಡಿದ ಮೊದಲ ಕೆಲಸವನ್ನು ನಾವು ಸ್ವಲ್ಪ ವಿವರವಾಗಿಯೇ ಹೇಳಬೇಕು. ಮಠಕ್ಕೆಂದು ರಾಜನು ಕೊಟ್ಟ ಜಾಗದಲ್ಲಿ ಹಳ್ಳಿಯಿತ್ತು, ಜನರಿದ್ದರು. ಮಠ ಬರಬೇಕಾದರೆ ಅವರು ಏಳಬೇಕು. ಒಕ್ಕಲುಗಳನ್ನು ಎಬ್ಬಿಸುವುದು ಅಂದಿನ ರಾಜನಿಗೆ ದೊಡ್ಡ ಸಂಗತಿಯಲ್ಲ. ಹ್ಯೂ ಅವರು ಮಾತ್ರ ಈ ಜನರಿಗೆ ಪರಿಹಾರ ಸಿಗದೆ ಕಟ್ಟಡದ ಕೆಲಸಕ್ಕೆ ಕೈಹಾಕುವುದಿಲ್ಲ ಎಂದುಬಿಟ್ಟರು. ಪ್ರತಿಯೊಬ್ಬರೂ ರಾಜನ ಬೇರೆ ಹಳ್ಳಿಯಲ್ಲಿ ಅಷ್ಟೇ ಭೂಮಿ ಪಡೆಯಬಹುದು, ಅಥವಾ ಜೀತದಿಂದ ಬಿಡುಗಡೆ ಹೊಂದಿ ಇಷ್ಟಬಂದಲ್ಲಿಗೆ ಹೋಗಬಹುದು ಎಂದು ತೀರ್ಮಾನವಾಯಿತು. ಅಷ್ಟಕ್ಕೂ ಅವರು ಬಿಡಲಿಲ್ಲ. ಆ ಜನ ಕೈಯಾರೆ ಕಟ್ಟಿಕೊಂಡ ಗುಡಿಸಲು, ಮನೆಗಳ ಬೆಲೆಯನ್ನು ಕೊನೆಯ ಕಾಸಿನವರೆಗೂ ರಾಜನು ಕೊಡಬೇಕೆಂದು ಹಟ ಹಿಡಿದು ಕೊಡಿಸಿದರು. ರಾಜನು ಹಣ ಕೊಟ್ಟಾದ ಮೇಲೆ, ಆ ಹಳೆಯ ಮನೆಗಳನ್ನು ತಮಗೆ ದಾನ ಮಾಡಬೇಕೆಂದು ಕೇಳಿದರು. ಮುರುಕು ಮನೆಗಳು ಇವರಿಗೇಕೆ ಎಂದು ರಾಜನಿಗೆ ಆಶ್ಚರ್ಯ. ಹ್ಯೂ ಅವುಗಳನ್ನು ಪಡೆದು, ಮರಮುಟ್ಟುಗಳನ್ನು ಬಿಚ್ಚಿ ಕೊಂಡೊಯ್ಯಲು ಇಲ್ಲವೆ ಮಾರಿಕೊಳ್ಳಲು ಅದೇ ಜನರಿಗೆ ಹಿಂದಿರುಗಿಸಿದರು. ರಾಜನು ಇದನ್ನೂ ಸಹಿಸಿಕೊಂಡನು.

ಇನ್ನೊಂದು ಪ್ರಸಂಗವೂ ಅದೇ ಬಗೆಯದು. ಮಠಕ್ಕೆ ಪುಸ್ತಕಗಳಿರಲಿಲ್ಲ. ರಾಜನು ವಿಂಚೆಸ್ಟರ್‌ನ ಸನ್ಯಾಸಿಗಳು ಶ್ರಮಪಟ್ಟು ಸಿದ್ಧಪಡಿಸಿದ್ದ ಸೊಗಸಾದ ಬೈಬಲ್ ಪ್ರತಿಯೊಂದನ್ನು ಅವರಿಂದ ಪಡೆದು ವಿಥಮ್‌ಗೆ ಕಾಣಿಕೆಯಾಗಿ ಕಳುಹಿಸಿದನು. ಅದು ಎಲ್ಲಿಂದ ಬಂತೆಂದು ಹ್ಯೂ ಅವರಿಗೆ ತಿಳಿದದ್ದು ತಡವಾಗಿ. ತಿಳಿದ ಮೇಲೆ ಅದನ್ನು ವಿಂಚೆಸ್ಟರ್‌ಗೇ ಹಿಂದಿರುಗಿಸಿದರು.

1186ರಲ್ಲಿ ಲಿಂಕನ್‌ನ ಪ್ರಧಾನಾಲಯದ ಯಾಜಕ ಮಂಡಳಿಯವರು ರಾಜನ ಸಮ್ಮುಖದಲ್ಲಿ ಸೇರಿ ಹ್ಯೂ ಅವರನ್ನು ಬಿಷಪ್ ಆಗಿ ಆರಿಸಿದರು. ಅವರು ಒಪ್ಪಲಿಲ್ಲ. ರಾಜನ ಕೊಠಡಿಯಲ್ಲಿ ನಡೆದ ಆಯ್ಕೆ ಆಯ್ಕೆಯಲ್ಲ, ಲಿಂಕನ್‌ಗೆ ಹೋಗಿ ನಿಮ್ಮದೇ ಸಭಾಭವನದಲ್ಲಿ ಪ್ರಾರ್ಥಿಸಿ, ಮುಕ್ತವಾಗಿ ಆರಿಸಿ ಎಂದರು. ಅವರು ಹಾಗೆಯೇ ಮಾಡಿ ಮತ್ತೆ ಇವರನ್ನೇ ಆರಿಸಿದರು. ತಮ್ಮ ಮೂಲ ಮಠದ ಹಿರಿಯರ ಅಪ್ಪಣೆ ಬಂದ ಮೇಲಷ್ಟೇ ಹ್ಯೂ ಒಪ್ಪಿದರು. 1186ರ ಸೆಪ್ಟೆಂಬರ್ 21ರಂದು ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಅಭಿಷೇಕವಾಯಿತು. ಸೆಪ್ಟೆಂಬರ್ 29ರಂದು ಬರಿಗಾಲಲ್ಲಿ ಗುಡ್ಡ ಹತ್ತಿ ತಮ್ಮ ಪ್ರಧಾನಾಲಯವನ್ನು ಪ್ರವೇಶಿಸಿದರು. ಸ್ಟೋ ಎಂಬ ಊರಿನಲ್ಲಿದ್ದ ಬಿಷಪರ ಮನೆಗೆ ಅದೇ ಸುಮಾರಿಗೆ ಒಂದು ಕಾಡು ಹಂಸ ಬಂದು ಸೇರಿತು. ಯಾರನ್ನೂ ಹತ್ತಿರ ಸೇರಿಸದ ಆ ಹಕ್ಕಿ ಹ್ಯೂ ಅವರ ಕೈಯಿಂದ ತಿನ್ನುತ್ತಿತ್ತು, ಅವರ ಅಂಗಿಯ ತೋಳಿನೊಳಗೆ ತಲೆ ತೂರಿಸುತ್ತಿತ್ತು. ಸಂತ ಹ್ಯೂ ಅವರ ಚಿತ್ರಗಳಲ್ಲಿ ಪಕ್ಕದಲ್ಲಿ ಹಂಸವಿರುವುದು ಈ ಕಾರಣದಿಂದ.

ಬಿಷಪರಾದ ಕೆಲವೇ ದಿನಗಳಲ್ಲಿ ರಾಜನೊಂದಿಗೆ ಘರ್ಷಣೆ ಆರಂಭವಾಯಿತು. ರಾಜನ ಅರಣ್ಯ ಕಾಯಿದೆಗಳು ಕ್ರೂರವಾಗಿದ್ದವು. ಅರಣ್ಯಾಧಿಕಾರಿಗಳು ಬಡವರನ್ನು ಹಿಂಸಿಸುತ್ತಿದ್ದರು. ಹ್ಯೂ ಅವರು ಅರಣ್ಯದ ಮುಖ್ಯಾಧಿಕಾರಿಯನ್ನೇ ಧರ್ಮಸಭೆಯಿಂದ ಬಹಿಷ್ಕರಿಸಿದರು. ರಾಜನು ಆಸ್ಥಾನದ ಒಬ್ಬನಿಗೆ ಲಿಂಕನ್ ಪ್ರಧಾನಾಲಯದಲ್ಲಿ ಆದಾಯದ ಹುದ್ದೆ ಕೇಳಿದಾಗ, ಅದು ಧರ್ಮಸಭೆಯ ಸೇವಕರಿಗೆ ಮೀಸಲು, ನಿನ್ನವರಿಗೆ ಕೊಡಲು ನಿನ್ನಲ್ಲೇ ಬೇಕಾದಷ್ಟಿದೆ ಎಂದು ಉತ್ತರ ಕಳುಹಿಸಿದರು. ಸಿಟ್ಟಾದ ಹೆನ್ರಿ ಅವರನ್ನು ವುಡ್‌ಸ್ಟಾಕ್‌ಗೆ ಕರೆಸಿದನು. ಕಾಡಿನ ನಡುವೆ ಆಸ್ಥಾನಿಕರು ವೃತ್ತಾಕಾರವಾಗಿ ಕುಳಿತಿದ್ದರು. ಬಿಷಪ್ ಬಂದಾಗ ಯಾರೂ ಏಳಲಿಲ್ಲ, ಮಾತಾಡಲಿಲ್ಲ. ರಾಜನು ಮೌನ ಸಹಿಸಲಾಗದೆ ಸೂಜಿ ದಾರ ತರಿಸಿ, ಗಾಯವಾಗಿದ್ದ ಬೆರಳಿನ ಬಟ್ಟೆ ಹೊಲಿಯತೊಡಗಿದನು. ಹ್ಯೂ ಅದನ್ನು ನೋಡಿ, ಈಗ ನೀನು ಫಲೈಸ್‌ನ ನಿನ್ನ ನೆಂಟರಂತೆಯೇ ಕಾಣುತ್ತೀ ಎಂದರು. ಹೆನ್ರಿಯ ಮುತ್ತಜ್ಜ ವಿಲಿಯಂನ ತಾಯಿ ಫಲೈಸ್ ಊರಿನ ತೊಗಲು ಹದ ಮಾಡುವವರ ಮಗಳು ಎಂಬ ಮಾತಿತ್ತು. ಸಭೆ ಬೆವರಿತು. ರಾಜನು ಬಿದ್ದು ಬಿದ್ದು ನಕ್ಕನು, ಉಳಿದವರಿಗೆ ತಾನೇ ಆ ಹಾಸ್ಯವನ್ನು ಬಿಡಿಸಿ ಹೇಳಿದನು. ಜಗಳ ಅಲ್ಲಿಗೆ ಮುಗಿಯಿತು, ಹ್ಯೂ ತಮ್ಮ ನಿಲುವಿನಿಂದ ಹಿಂದೆ ಸರಿಯಲೂ ಇಲ್ಲ.

ಅವರ ಜೀವನವನ್ನು ಬರೆದಿಟ್ಟವರು ಐನ್‌ಶಮ್‌ನ ಆಡಂ ಎಂಬ ಸನ್ಯಾಸಿ. ಕೊನೆಯ ಮೂರು ವರ್ಷ ಹಗಲೂ ರಾತ್ರಿ ಅವರ ಜೊತೆಗಿದ್ದವರು. ಹೀಗಾಗಿ ಸಣ್ಣ ಸಣ್ಣ ಸಂಗತಿಗಳೂ ನಮಗೆ ಉಳಿದಿವೆ. ಆ ಕಾಲದಲ್ಲಿ ಕೆಲವು ಬಿಷಪರು ಕುದುರೆಯ ಮೇಲೆ ಕುಳಿತೇ ಮಕ್ಕಳಿಗೆ ದೃಢೀಕರಣ ಸಂಸ್ಕಾರ ನೀಡುತ್ತಿದ್ದರು. ಹ್ಯೂ ಎಷ್ಟೇ ದಣಿದಿದ್ದರೂ ಇಳಿದು ನಿಂತೇ ಕೊಡುತ್ತಿದ್ದರು. ದಾರಿಯಲ್ಲಿ ಶವ ಕಂಡರೆ ನಿಂತು ಅಂತ್ಯಕ್ರಿಯೆ ಮುಗಿಸದೆ ಮುಂದೆ ಹೋಗುತ್ತಿರಲಿಲ್ಲ. ಒಮ್ಮೆ ರಾಜನು ಊಟಕ್ಕೆ ಕಾಯುತ್ತಿದ್ದಾನೆ ಎಂದು ಆಳುಗಳು ಅವಸರಪಡಿಸಿದಾಗ, ರಾಜನು ಉಣ್ಣಲಿ, ನನಗಾಗಿ ಕಾಯಬೇಕಿಲ್ಲ ಎಂದುಬಿಟ್ಟರು. ಕುಷ್ಠರೋಗಿಗಳ ಮನೆಗಳಿಗೆ ಹೋಗಿ ಅವರನ್ನು ಮುತ್ತಿಡುತ್ತಿದ್ದರು. ಪ್ರಧಾನಾಲಯದ ಹಿರಿಯ ವಿದ್ವಾಂಸರೊಬ್ಬರು, ಸಂತ ಮಾರ್ಟಿನರ ಮುತ್ತಿನಿಂದ ಕುಷ್ಠರೋಗಿ ಗುಣವಾದನಲ್ಲ ಎಂದು ಕೆಣಕಿದರು. ಮಾರ್ಟಿನರ ಮುತ್ತು ರೋಗಿಯ ದೇಹವನ್ನು ಗುಣಪಡಿಸಿತು, ರೋಗಿಯ ಮುತ್ತು ನನ್ನ ಆತ್ಮವನ್ನು ಗುಣಪಡಿಸುತ್ತದೆ ಎಂಬುದು ಹ್ಯೂ ಅವರ ಉತ್ತರವಾಗಿತ್ತು. ಅವರ ಎಲ್ಲ ನಡೆಗಳೂ ನಮಗೆ ಮಾದರಿಯಾಗಬೇಕೆಂದಿಲ್ಲ. ಫೆಕಾಂ ಮಠದಲ್ಲಿ ಸಂತ ಮಗ್ದಲೇನ ಮರಿಯಳದೆಂದು ಪೂಜಿಸುತ್ತಿದ್ದ ತೋಳಿನ ಮೂಳೆಯನ್ನು ಮುತ್ತಿಡುವ ನೆಪದಲ್ಲಿ ಕಚ್ಚಿ ಚೂರು ತೆಗೆದುಕೊಂಡರು. ಅಲ್ಲಿನ ಸನ್ಯಾಸಿಗಳು ಕೂಗಾಡಿದರು. ಪವಿತ್ರ ಅವಶೇಷಗಳ ಬಗ್ಗೆ ಅವರಿಗಿದ್ದ ಆಸೆ ನಮಗಿಂದು ವಿಚಿತ್ರವೆನಿಸುತ್ತದೆ.

ಹೊಸ ಪ್ರಧಾನಾಲಯದ ಕೆಲಸ ಆರಂಭವಾದದ್ದು 1192ರಲ್ಲಿ. ಕಟ್ಟಡದ ಮೇಸ್ತ್ರಿಯಾಗಿ ಜೆಫ್ರಿ ಡಿ ನೋಯೆರ್ ಅವರ ಹೆಸರನ್ನು ಆಡಂ ಬರೆದಿಟ್ಟಿದ್ದಾರೆ. ಬಲಿಪೀಠವಿರುವ ಪೂರ್ವ ಭಾಗದಿಂದ ಕಟ್ಟುತ್ತಾ ಬಂದರು. ಹ್ಯೂ ಅವರು ಹಣ ಹೊಂದಿಸಿ ಸುಮ್ಮನೆ ಕೂರಲಿಲ್ಲ. ಕೂಲಿಯವರ ಜೊತೆ ಸೇರಿ ಕಲ್ಲು, ಗಾರೆ ಹೊತ್ತರು. ಅವರು ಹೊತ್ತ ಬುಟ್ಟಿಯನ್ನೇ ತಾನೂ ಹೊರಬೇಕೆಂದು ಬೇಡಿ ಪಡೆದ ಕುಂಟನೊಬ್ಬನ ಕಾಲು ನೆಟ್ಟಗಾಯಿತೆಂದು ಅಂದಿನ ಜನ ಹೇಳುತ್ತಿದ್ದರು.

ಇದೇ ಹೊತ್ತಿನಲ್ಲಿ ಅವರು ಹಣದ ಮೂಲಗಳನ್ನು ಬಿಟ್ಟುಕೊಟ್ಟದ್ದೂ ಉಂಟು. ಒಕ್ಕಲಿಗನೊಬ್ಬ ಸತ್ತರೆ ಅವನ ಮನೆಯ ಉತ್ತಮ ಪ್ರಾಣಿ ಭೂಮಿಯ ಒಡೆಯನಾದ ಬಿಷಪರಿಗೆ ಸೇರಬೇಕೆಂಬ ಕಟ್ಟಳೆಯಿತ್ತು. ವಿಧವೆಯೊಬ್ಬಳು ಬಂದು ಮಕ್ಕಳನ್ನು ಸಾಕಲು ಇದ್ದ ಒಂದೇ ಎತ್ತು ಹೋಯಿತೆಂದು ಅತ್ತಳು. ಹ್ಯೂ ಎತ್ತನ್ನು ಹಿಂದಿರುಗಿಸಿದರು. ಹೀಗೆ ಮಾಡಿದರೆ ಭೂಮಿಯನ್ನು ಉಳಿಸಿಕೊಳ್ಳಲಾಗದು ಎಂದು ಪಾರುಪತ್ಯಗಾರ ಎಚ್ಚರಿಸಿದ. ಅವರು ಕುದುರೆಯಿಂದ ಇಳಿದು, ಒಂದು ಹಿಡಿ ಮಣ್ಣು ತೆಗೆದುಕೊಂಡು, ಎತ್ತು ಕಸಿಯದೆಯೂ ಭೂಮಿ ನನ್ನ ಕೈಯಲ್ಲೇ ಇದೆಯಲ್ಲ ಎಂದರಂತೆ. ಇಗರ್ಜಿ ಕಟ್ಟುವಾಗ ವಂತಿಗೆಯ ಪಟ್ಟಿ ಹಿಡಿದು ಮನೆಮನೆಗೆ ಹೋಗುವ ನಮ್ಮ ಗುರ್ಕಾರರಿಗೆ ಈ ಪ್ರಸಂಗ ಇಷ್ಟವಾಗಬಹುದು, ಇರಿಸುಮುರಿಸೂ ಆಗಬಹುದು. ಅಷ್ಟು ದೊಡ್ಡ ಕಟ್ಟಡದ ಖರ್ಚು ತಲೆಯ ಮೇಲಿದ್ದ ಬಿಷಪರು ಒಂದು ಎತ್ತನ್ನು ಬಿಟ್ಟುಕೊಟ್ಟರು ಎಂಬುದನ್ನು ನಾವು ಸಣ್ಣ ವಿಷಯವೆಂದು ಎಣಿಸಲಾರೆವು.

ಯೆಹೂದ್ಯರ ವಿಷಯದಲ್ಲಿ ಅವರು ತೋರಿದ ಧೈರ್ಯ ಇನ್ನೂ ದೊಡ್ಡದು. ರಾಜ ರಿಚರ್ಡ್ ಪಟ್ಟಕ್ಕೆ ಬಂದ 1189ರ ನಂತರ ಇಂಗ್ಲೆಂಡಿನ ಹಲವೆಡೆ ಯೆಹೂದ್ಯರ ಮೇಲೆ ದಾಳಿಗಳಾದವು. 1190ರಲ್ಲಿ ಸ್ಟ್ಯಾಮ್‌ಫರ್ಡ್‌ನಲ್ಲಿ ಕೊಲೆ, ಲೂಟಿ ನಡೆಯಿತು. ಹ್ಯೂ ಅವರು ಆಯುಧ ಹಿಡಿದ ಗುಂಪುಗಳ ಎದುರು ಬರಿಗೈಯಲ್ಲಿ ನಿಂತರು. ಸ್ಟ್ಯಾಮ್‌ಫರ್ಡ್‌ನಲ್ಲಿ ದೋಚಿದ ಹಣದೊಂದಿಗೆ ನಾರ್ಥಾಂಪ್ಟನ್‌ಗೆ ಬಂದಿದ್ದ ಯುವಕನೊಬ್ಬ ಜೊತೆಗಾರನಿಂದಲೇ ಕೊಲೆಯಾದ. ಜನ ಅವನನ್ನು ರಕ್ತಸಾಕ್ಷಿಯೆಂದು ಪೂಜಿಸತೊಡಗಿದರು, ಕಾಣಿಕೆಗಳೂ ಬರತೊಡಗಿದವು. ಬಿಷಪರು ಸ್ವತಃ ಅಲ್ಲಿಗೆ ಹೋಗಿ, ಸ್ಥಳೀಯರ ಕೋಪವನ್ನು ಲೆಕ್ಕಿಸದೆ ಆ ಪೂಜೆಯನ್ನು ನಿಲ್ಲಿಸಿದರು. ಕಾಣಿಕೆ ಡಬ್ಬಿ ತುಂಬುತ್ತದೆಂದು ಸುಳ್ಳು ಭಕ್ತಿಗೆ ಅವರು ಎಡೆಕೊಡಲಿಲ್ಲ.

ಇಲ್ಲಿ ಒಂದು ಸ್ಪಷ್ಟನೆ ಅಗತ್ಯ. ಲಿಂಕನ್‌ಗೆ ಸಂಬಂಧಿಸಿ ಪುಟ್ಟ ಹ್ಯೂ ಎಂಬ ಇನ್ನೊಂದು ಹೆಸರು ಕೇಳಿಬರುತ್ತದೆ. ಅದು 1255ರಲ್ಲಿ ಬಾವಿಯಲ್ಲಿ ಶವವಾಗಿ ಸಿಕ್ಕಿದ ಬಾಲಕನದು. ಯೆಹೂದ್ಯರೇ ಕೊಂದರೆಂಬ ಸುಳ್ಳು ಆರೋಪ ಹಬ್ಬಿ, ರಾಜ ಮೂರನೇ ಹೆನ್ರಿ 19 ಮಂದಿ ಯೆಹೂದ್ಯರನ್ನು ಗಲ್ಲಿಗೇರಿಸಿದನು. ಸಂತ ಹ್ಯೂ ಕಟ್ಟಿಸಿದ ಪ್ರಧಾನಾಲಯದೊಳಗೇ ಆ ಬಾಲಕನಿಗೆ ಸಮಾಧಿಮಂದಿರವಾಯಿತು. 1955ರಲ್ಲಿ ಅಲ್ಲಿ ಹಾಕಿದ ಫಲಕ ಆ ಕಥೆ ಸುಳ್ಳೆಂದು ಒಪ್ಪಿ ಕ್ಷಮೆ ಬೇಡುತ್ತದೆ. ಬಿಷಪ್ ಹ್ಯೂ ಬದುಕಿದ್ದಿದ್ದರೆ ಅದು ನಡೆಯಲು ಬಿಡುತ್ತಿದ್ದರೇ ಎಂಬ ಪ್ರಶ್ನೆ ನಮ್ಮ ಮನಸ್ಸಿಗೆ ಬಾರದಿರದು.

1197ರ ಡಿಸೆಂಬರಿನಲ್ಲಿ ಆಕ್ಸ್‌ಫರ್ಡ್ ಸಭೆಯಲ್ಲಿ ರಾಜ ರಿಚರ್ಡ್ ಪರವಾಗಿ ಫ್ರಾನ್ಸಿನ ಯುದ್ಧಕ್ಕೆ 300 ಯೋಧರನ್ನು ಕೇಳಲಾಯಿತು. ಲಿಂಕನ್ ಧರ್ಮಪ್ರಾಂತ್ಯಕ್ಕೆ ದೇಶದೊಳಗಿನ ಸೇವೆಯ ಹೊಣೆ ಮಾತ್ರ ಇದೆ, ಹೊರಗಿನದಿಲ್ಲ ಎಂದು ಹ್ಯೂ ನಿರಾಕರಿಸಿದರು. ಅವರ ಆಸ್ತಿ ಮುಟ್ಟುಗೋಲು ಹಾಕಲು ಆಜ್ಞೆಯಾಯಿತು. ಬಹಿಷ್ಕಾರದ ಭಯದಿಂದ ಅಧಿಕಾರಿಗಳು ಅದನ್ನು ಮುಟ್ಟಲಿಲ್ಲ. 1198ರಲ್ಲಿ ಹ್ಯೂ ತಾವೇ ನಾರ್ಮಂಡಿಗೆ ಹೋದರು. ಕೋಟೆಯ ಪ್ರಾರ್ಥನಾಲಯದಲ್ಲಿ ಬಲಿಪೂಜೆಗೆ ಕುಳಿತಿದ್ದ ರಿಚರ್ಡ್ ಮುಖ ತಿರುಗಿಸಿದನು. ಹ್ಯೂ ಅವನ ಮೇಲಂಗಿ ಹಿಡಿದು ಕುಲುಕಿ, ಶಾಂತಿಯ ಮುತ್ತು ಕೊಡುವಂತೆ ಕೇಳಿದರು. ಸಿಂಹಹೃದಯಿ ಎನಿಸಿಕೊಂಡ ರಾಜನು ನಕ್ಕು ಮುತ್ತಿಟ್ಟನು. ಮರುವರ್ಷ ಆ ರಾಜನ ಅಂತ್ಯಕ್ರಿಯೆಗೂ ಹ್ಯೂ ಹೋದರು. ಆ ದಿನಗಳಲ್ಲೇ ಹೊಸ ರಾಜ ಜಾನ್‌ಗೆ ಫಾಂಟೆವ್ರೋ ಇಗರ್ಜಿಯ ದ್ವಾರದಲ್ಲಿ ಕೆತ್ತಿದ್ದ ಅಂತಿಮ ತೀರ್ಪಿನ ಚಿತ್ರದಲ್ಲಿ ನರಕಕ್ಕೆ ಹೋಗುತ್ತಿರುವ ರಾಜರನ್ನು ಬೊಟ್ಟುಮಾಡಿ ತೋರಿಸಿದರು.

1200ರಲ್ಲಿ ಫ್ರಾನ್ಸಿಗೆ ಹೋಗಿ ತಮ್ಮ ಹಳೆಯ ಮಠವನ್ನು ಕೊನೆಯ ಬಾರಿ ನೋಡಿದರು. ಮರಳುವಾಗ ಜ್ವರ. ಲಂಡನ್‌ನ ತಮ್ಮ ನಿವಾಸದಲ್ಲಿ ಮಲಗಿದವರು ಏಳಲಿಲ್ಲ. ಕಟ್ಟಡದ ಮೇಸ್ತ್ರಿ ಜೆಫ್ರಿಯನ್ನು ಕರೆಸಿ, ಸ್ನಾನಿಕ ಯೊವಾನ್ನರ ಬಲಿಪೀಠದ ಕೆಲಸ ಬೇಗ ಮುಗಿಸುವಂತೆಯೂ, ತಮ್ಮನ್ನು ಅದರ ಬಳಿ ಗೋಡೆಯ ಪಕ್ಕದಲ್ಲಿ, ಯಾರ ಕಾಲಿಗೂ ತೊಡಕಾಗದಂತೆ ಹೂಳುವಂತೆಯೂ ಹೇಳಿದರು. ನವೆಂಬರ್ 16ರ ಸಂಜೆ, ನೆಲದ ಮೇಲೆ ಬೂದಿಯಿಂದ ಬರೆದ ಶಿಲುಬೆಯ ಮೇಲೆ ಅವರನ್ನು ಮಲಗಿಸಲಾಯಿತು. ರಾತ್ರಿಯ ಪ್ರಾರ್ಥನೆ ನಡೆಯುತ್ತಿದ್ದಾಗ ಪ್ರಾಣ ಹೋಯಿತು. ಶವವನ್ನು ಲಿಂಕನ್‌ಗೆ ತರಲು ಹಲವು ದಿನ ಹಿಡಿಯಿತು. ಗಾಳಿ ಮಳೆಯಲ್ಲೂ ಮುಂದೆ ಹಿಡಿದ ಮೊಂಬತ್ತಿಗಳು ಒಟ್ಟಿಗೆ ಆರಲಿಲ್ಲವೆಂದು ಆಡಂ ಬರೆಯುತ್ತಾರೆ. ರಾಜಕೀಯ ಮಾತುಕತೆಗೆಂದು ಆಗ ಲಿಂಕನ್‌ನಲ್ಲಿ ಇಂಗ್ಲೆಂಡಿನ ರಾಜ ಜಾನ್ ಮತ್ತು ಸ್ಕಾಟ್ಲೆಂಡಿನ ರಾಜ ವಿಲಿಯಂ ಇದ್ದರು. ಜಾನ್ ಶವಪೆಟ್ಟಿಗೆಗೆ ಹೆಗಲು ಕೊಟ್ಟನು. ವಿಲಿಯಂ ಅಳುತ್ತಾ ನಿಂತಿದ್ದನು. ಊರಿನ ಯೆಹೂದ್ಯರೂ ಅಳುತ್ತಾ ಮೆರವಣಿಗೆಯಲ್ಲಿ ಬಂದರು.

ಪೋಪ್ ಮೂರನೇ ಹೊನೋರಿಯಸ್ 1220ರಲ್ಲಿ ಅವರನ್ನು ಸಂತರೆಂದು ಘೋಷಿಸಿದರು. ಕಾರ್ಥೂಸಿಯನ್ ಸಭೆಯಿಂದ ಹೀಗೆ ಘೋಷಿತರಾದವರಲ್ಲಿ ಅವರೇ ಮೊದಲಿಗರು. ಅವರ ಪ್ರಧಾನಾಲಯದ ಕೆಲಸ ಮಾತ್ರ ಮುಗಿದಿರಲಿಲ್ಲ. 1237ರ ಸುಮಾರಿಗೆ ನಡುಗೋಪುರ ಕುಸಿದು ಬಿತ್ತು, ಮತ್ತೆ ಕಟ್ಟಿದರು. ಯಾತ್ರಿಕರು ಹೆಚ್ಚಿದ್ದರಿಂದ ಹ್ಯೂ ಕಟ್ಟಿಸಿದ ಪೂರ್ವದ ತುದಿಯನ್ನೇ ಒಡೆದು, 1256ರಿಂದ 1280ರವರೆಗೆ ವಿಶಾಲವಾದ ಹೊಸ ಭಾಗವನ್ನು ಸೇರಿಸಿದರು. ಕಮಾನುಗಳ ಮೇಲೆ 28 ದೇವದೂತರ ಕೆತ್ತನೆಗಳಿರುವುದರಿಂದ ಅದಕ್ಕೆ ದೇವದೂತರ ಗಾಯನಾಂಗಣ ಎಂದು ಹೆಸರು. 1280ರ ಅಕ್ಟೋಬರ್ 6ರಂದು ರಾಜ ಒಂದನೇ ಎಡ್ವರ್ಡ್ ಮತ್ತು ರಾಣಿ ಎಲಿನೋರ್ ಸಮ್ಮುಖದಲ್ಲಿ ಸಂತರ ಅವಶೇಷಗಳನ್ನು ಅಲ್ಲಿಗೆ ಸ್ಥಳಾಂತರಿಸಲಾಯಿತು.

ಹ್ಯೂ ಅವರ ಕಾಲದ ಕೆಲಸ ಇಂದಿಗೂ ಕಾಣಸಿಗುವುದು ಸಂತ ಹ್ಯೂ ಗಾಯನಾಂಗಣದಲ್ಲಿ. ಅಲ್ಲಿನ ಛಾವಣಿಯ ಕಲ್ಲಿನ ಏಣುಗಳು ಎದುರುಬದುರಾಗಿ ಒಂದೇ ಬಿಂದುವಿನಲ್ಲಿ ಕೂಡದೆ, ಅತ್ತ ಒಂದು ಇತ್ತ ಒಂದು ಸರಿದು ಓರೆಯಾಗಿ ಸಾಗುತ್ತವೆ. ಕಟ್ಟಡ ತಜ್ಞರು ಇದಕ್ಕೆ ಹುಚ್ಚು ಛಾವಣಿ ಎಂದೇ ಹೆಸರಿಟ್ಟಿದ್ದಾರೆ. ತಪ್ಪಿ ಹೀಗಾದದ್ದಲ್ಲ, ಬೇಕೆಂದೇ ಮಾಡಿದ್ದು. ಭಾರ ಹೊರುವುದಕ್ಕಿಂತ ಅಂದಕ್ಕಾಗಿ ಏಣುಗಳನ್ನು ಸೇರಿಸುವ ಪದ್ಧತಿ ಇಲ್ಲಿಂದ ಮುಂದೆ ಇಂಗ್ಲೆಂಡಿನ ಇತರ ಇಗರ್ಜಿಗಳಿಗೂ ಹರಡಿತು. ಮಸುಕು ಬಣ್ಣದ ಸ್ಥಳೀಯ ಸುಣ್ಣಕಲ್ಲಿನ ನಡುವೆ ಪರ್ಬೆಕ್‌ನಿಂದ ತರಿಸಿದ ಕಪ್ಪಗೆ ಹೊಳೆಯುವ ಸಣ್ಣ ಕಂಬಗಳಿವೆ. ಉತ್ತರದಲ್ಲಿ 13ನೇ ಶತಮಾನದ, ದಕ್ಷಿಣದಲ್ಲಿ 14ನೇ ಶತಮಾನದ ಎರಡು ದೊಡ್ಡ ದುಂಡು ಗಾಜಿನ ಕಿಟಕಿಗಳು ಎದುರುಬದುರಾಗಿವೆ. ನಡುಗೋಪುರವನ್ನು 1311ರ ಹೊತ್ತಿಗೆ ಎತ್ತರಿಸಿ, ಮೇಲೆ ಸೀಸ ಹೊದಿಸಿದ ಮರದ ಶಿಖರ ಕೂರಿಸಿದ್ದರು. ಅದರ ಎತ್ತರ ಸುಮಾರು 160 ಮೀಟರ್ ಇತ್ತೆಂಬ ಪ್ರತೀತಿಯಿದೆ. ಹಾಗಿದ್ದರೆ ಈಜಿಪ್ಟಿನ ದೊಡ್ಡ ಪಿರಮಿಡ್ಡಿಗಿಂತಲೂ ಎತ್ತರ. 1548ರಲ್ಲಿ ಶಿಖರ ಬಿದ್ದಿತು. ಮತ್ತೆ ಕಟ್ಟಲಿಲ್ಲ. ಶಿಖರವಿಲ್ಲದ ನಡುಗೋಪುರವೇ ಇಂದು ಸುಮಾರು 83 ಮೀಟರ್ ಎತ್ತರವಿದೆ.

ಸಂತರ ಸಮಾಧಿ ಅದಕ್ಕೂ ಮೊದಲೇ ಹೋಗಿತ್ತು. ರಾಜ ಎಂಟನೇ ಹೆನ್ರಿಯ ಆಜ್ಞೆಯಂತೆ 1540ರಲ್ಲಿ ಅಧಿಕಾರಿಗಳು ಬಂದು ಪ್ರಧಾನಾಲಯದ ಚಿನ್ನ, ಬೆಳ್ಳಿ, ರತ್ನಗಳನ್ನು ತೂಗಿ ಲಂಡನ್‌ಗೆ ಸಾಗಿಸಿದರು. 2,621 ಔನ್ಸ್ ಚಿನ್ನ, 4,285 ಔನ್ಸ್ ಬೆಳ್ಳಿ ಎಂದು ಲೆಕ್ಕ ಉಳಿದಿದೆ. ಅಂದಿನಿಂದ ಕಟ್ಟಡ ಆಂಗ್ಲಿಕನ್ ಸಭೆಯದು. ಅವರೂ ನವೆಂಬರ್ 17ರಂದೇ ಸಂತ ಹ್ಯೂ ಅವರನ್ನು ಸ್ಮರಿಸುತ್ತಾರೆ. ಲಿಂಕನ್‌ನ ಕಥೋಲಿಕರು ಈಗ ನಾಟಿಂಗಾಂ ಧರ್ಮಪ್ರಾಂತ್ಯಕ್ಕೆ ಸೇರಿದ್ದಾರೆ. ವಿಥಮ್‌ನ ಮಠವೂ ಎಂಟನೇ ಹೆನ್ರಿಯ ಕಾಲದಲ್ಲೇ ಮುಚ್ಚಿತು. 1873ರಲ್ಲಿ ಸಸೆಕ್ಸ್‌ನ ಪಾರ್ಕ್‌ಮಿನ್‌ಸ್ಟರ್‌ನಲ್ಲಿ ಕಾರ್ಥೂಸಿಯನ್ನರು ಮತ್ತೆ ಮಠ ಸ್ಥಾಪಿಸಿದಾಗ ಅದಕ್ಕೆ ಸಂತ ಹ್ಯೂ ಅವರ ಹೆಸರನ್ನೇ ಇಟ್ಟರು.

ನಮ್ಮ ಊರಿನ ಅನೇಕರು ಉದ್ಯೋಗಕ್ಕಾಗಿ ಇಂಗ್ಲೆಂಡಿನಲ್ಲಿ ನೆಲೆಸಿದ್ದಾರೆ. ಲಿಂಕನ್‌ಗೆ ಹೋಗುವ ಅವಕಾಶ ಸಿಕ್ಕಿದರೆ ಪಶ್ಚಿಮದ ಬಾಗಿಲಿನಿಂದ ಒಳಹೋಗುವ ಮುನ್ನ ತಲೆಯೆತ್ತಿ ನೋಡಬೇಕು. ಮುಂಭಾಗದ ಎರಡು ತುದಿಗಳಲ್ಲಿ ಎರಡು ಕಿರುಶಿಖರಗಳಿವೆ. ದಕ್ಷಿಣದ ಶಿಖರದ ಮೇಲೆ ಬಿಷಪ್ ಹ್ಯೂ ನಿಂತಿದ್ದಾರೆ. ಉತ್ತರದ ಶಿಖರದ ಮೇಲೆ, ಅಷ್ಟೇ ಎತ್ತರದಲ್ಲಿ, ಕೊಂಬೂದುತ್ತಿರುವ ಒಬ್ಬ ಹಂದಿ ಕಾಯುವವನಿದ್ದಾನೆ. ಸ್ಟೋ ಊರಿನ ಈ ಬಡವ ಬದುಕಿಡೀ ಕೂಡಿಟ್ಟ ಬೆಳ್ಳಿಯ ಕಾಸುಗಳನ್ನು ಇಗರ್ಜಿಯ ಕಟ್ಟಡಕ್ಕೆ ಕೊಟ್ಟನೆಂದು ಅಲ್ಲಿನ ಜನ ಇಂದಿಗೂ ಹೇಳುತ್ತಾರೆ.